ಹುಲ್ಲುಹಾಸಿನ ಮೇಲಿನ ಹಲ್ಲೆಲೂಯ

ಕಳೆದ ಶನಿವಾರ ನಲ್ಲಿಗೆ ವಾಷರ್ ತರೋಣವೆಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಪರ್ತಿನಲ್ಲಿ ನಮ್ಮ ಮನೆ ಇರುವುದು ಸ್ವಾನ್ ವ್ಯಾಲಿಗೆ ಹೋಗುವ ದಾರಿಯಲ್ಲಿ. ಅಂಗಡಿಯ ಬಾಗಿಲಲ್ಲಿ ಯಾವುದೋ ಶಾಲೆಯ ಅಪ್ಪ ಅಮ್ಮಂದಿರು ದೊಡ್ಡ ಕಾವಲಿ ಇಟ್ಟು ಸಾಸೇಜು, ಈರುಳ್ಳಿ ಹುರಿಯುತ್ತಿದ್ದರು. ಈ ದೇಶದಲ್ಲಿ ಶಾಲೆಗೆ ಒಂದು ಫ್ಯಾನ್ ಬೇಕಾದರೂ ಸಾಸೇಜು ಸುಟ್ಟು ಮಾರಿಯೇ ತರಬೇಕು. ಈರುಳ್ಳಿ ಸ್ವಲ್ಪ ಸೀದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಯಾರೋ ಗಂಟಲು ಹರಿಯುವಂತೆ ‘ನರಕ’ ಎಂದು ಕೂಗಿದ ಹಾಗಾಯಿತು. ಕೂಗಿದವರು ಯಾರೂ ಇರಲಿಲ್ಲ. ಅದು ಅಡಿಲೇಡಿನ ಕೂಗು, ಎರಡು ಸಾವಿರದ ಹದಿನಾರನೇ ಇಸವಿಯದು.

ಆಗ ನಾವು ಅಲ್ಲಿನ ಮಾಡ್ಬರಿ ಬಡಾವಣೆಯಲ್ಲಿದ್ದೆವು. ನನ್ನ ಹೆಂಡತಿ ಸುಗುಣ ಡಾಕ್ಟರು. ಅವಳ ಕೆಲಸದ ಬೆನ್ನು ಹಿಡಿದು ನಾನು ಮೈಸೂರಿನ ಪಾಲಿಟೆಕ್ನಿಕ್ ಮೇಷ್ಟರ ಕೆಲಸ ಬಿಟ್ಟು ಬಂದವನು. ಅಡಿಲೇಡಿನ ಒಂದು ಕ್ಯಾಂಪಸ್ಸಿನಲ್ಲಿ ಲೆಕ್ಚರ್ ಹಾಲುಗಳ ಮೈಕು, ಸ್ಪೀಕರು, ಪ್ರೊಜೆಕ್ಟರು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಪಾಠ ಮಾಡುವವರ ದನಿ ಕೊನೆಯ ಬೆಂಚಿಗೆ ಮುಟ್ಟುವಂತೆ ಮಾಡುವುದು ನನ್ನ ಹೊಣೆ. ಅವರು ಏನು ಹೇಳುತ್ತಾರೆ ಅನ್ನುವುದು ನನ್ನ ಹೊಣೆಯಲ್ಲ. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಉದ್ಯೋಗ.

ಕ್ಯಾಂಪಸ್ಸಿನ ನಡುವೆ ಒಂದು ಹುಲ್ಲುಹಾಸು. ಬುಧವಾರ ಮಧ್ಯಾಹ್ನ ಅಲ್ಲಿ ಹುಡುಗರ ಸಂಘಗಳ ಬಾರ್ಬಿ, ಅಂದರೆ ಸಾಸೇಜು ಸುಡುವ ಬಾರ್ಬೆಕ್ಯೂ. ಅದರ ಎದುರಿಗೇ, ಈರುಳ್ಳಿ ಹೊಗೆ ನೇರವಾಗಿ ಮುಖಕ್ಕೆ ಹೊಡೆಯುವ ಜಾಗದಲ್ಲಿ, ಮೂರು ನಾಲ್ಕು ಜನ ಬೀದಿ ಬೋಧಕರು ಬಂದು ನಿಲ್ಲುತ್ತಿದ್ದರು. ಯಾವ ದೊಡ್ಡ ಚರ್ಚಿನ ಸಭೆಗೂ ಸೇರಿದವರಲ್ಲ. ಅವರ ಮುಂದಾಳು ಎತ್ತರದ ಮನುಷ್ಯ, ತಲೆಗೆ ಅಗಲ ಅಂಚಿನ ಟೋಪಿ, ಬಲಗೈಯಲ್ಲಿ ಧ್ವನಿವರ್ಧಕ, ಎಡಗೈಯಲ್ಲಿ ಸತ್ಯವೇದ, ಅಂದರೆ ಬೈಬಲ್ಲು. ಅವನ ಹೆಸರು ಕೊನೆಗೂ ನನಗೆ ಗೊತ್ತಾಗಲಿಲ್ಲ. ನಮ್ಮ ಮನೆಯಲ್ಲಿ ಅವನನ್ನು ಟೋಪಿ ದೊರೆ ಎಂದು ಕರೆಯುತ್ತಿದ್ದೆವು. ಹಿಂದೆ ಒಂದು ಹಳದಿ ಬೋರ್ಡು. ಅದರಲ್ಲಿ ನರಕಕ್ಕೆ ಹೋಗುವವರ ಹೆಸರುಗಳು ಸಾಲಾಗಿ: ಕುಡುಕರು, ವ್ಯಭಿಚಾರಿಗಳು, ವಿಗ್ರಹಾರಾಧಕರು, ಹೀಗೆ ಕೆಳಗಿನವರೆಗೆ.

ಅವನ ಧ್ವನಿವರ್ಧಕ ಅಗ್ಗದ ಮಾಲು. ಎರಡು ವಾಕ್ಯಕ್ಕೊಮ್ಮೆ ಕೀಂಯ್ ಎಂದು ಕಿರುಚುತ್ತಿತ್ತು. ನರಕದ ಬಗ್ಗೆ ಅವನು ಹೇಳುತ್ತಿದ್ದುದಕ್ಕಿಂತ ಆ ಕಿರುಚಾಟವೇ ನನಗೆ ಹೆಚ್ಚು ಸಂಕಟ ಕೊಡುತ್ತಿತ್ತು. ಹುಡುಗರು ಸುತ್ತ ನಿಂತು ಛೇಡಿಸುವರು, ಎದುರು ವಾದ ಹೂಡುವರು, ಒಬ್ಬ ಗಿಟಾರ್ ತಂದು ಅವನ ಮಾತಿಗೆ ತಾಳ ಹಾಕುವನು. ಟೋಪಿ ದೊರೆ ದಾರಿಹೋಕರನ್ನು ತಡೆದು ಕೇಳುವನು. ಒಮ್ಮೆ ನನ್ನನ್ನೂ ತಡೆದ.

“ಇವತ್ತು ನೀನು ಸತ್ತರೆ ಎಲ್ಲಿಗೆ ಹೋಗುತ್ತೀಯ?”

“ಮೊದಲು ನನ್ನ ಹೆಂಡತಿಯ ಆಸ್ಪತ್ರೆಗೆ” ಎಂದೆ.

ಅವನು ನಗಲಿಲ್ಲ. ನನ್ನ ಬಣ್ಣ ನೋಡಿ, ನಿನ್ನ ವಿಗ್ರಹಗಳನ್ನು ಬಿಡು, ಅವು ಕಲ್ಲು ಎಂದ. ನಾನು ನಾಲ್ಕನೇ ತಲೆಮಾರಿನ ಕ್ರೈಸ್ತ. ಹೆಸರು ಜಯರಾಜ. ನಮ್ಮ ತಾತ ಮೈಸೂರು ಸೀಮೆಯಲ್ಲಿ ಉಪದೇಶಿಯಾಗಿದ್ದವರು, ಹಳ್ಳಿ ಹಳ್ಳಿ ಸುತ್ತಿ ಸುವಾರ್ತೆ ಸಾರಿದವರು. ಯಾವ ಊರಿಗೆ ಹೋದರೂ ಮೊದಲು ಒಂದು ಮನೆಯ ಜಗಲಿಯಲ್ಲಿ ಕೂತು ಕುಡಿಯಲು ನೀರು ಕೇಳುತ್ತಿದ್ದರಂತೆ. ನೀರು ಕೊಟ್ಟರೆ ಮಾತು, ಕೊಡದಿದ್ದರೆ ಮುಂದಿನ ಊರು. ಇದನ್ನೆಲ್ಲ ಟೋಪಿ ದೊರೆಗೆ ಹೇಳುವ ಉಸಾಬರಿಗೆ ನಾನು ಹೋಗಲಿಲ್ಲ. ಎರಡು ಗಂಟೆಯ ಕ್ಲಾಸಿಗೆ ಮೈಕು ಸರಿಮಾಡಬೇಕಿತ್ತು.

ಆ ವರ್ಷ ನಮ್ಮ ಮನೆಯಲ್ಲಿ ಅಪೂರ್ವ ಇದ್ದಳು. ನನ್ನ ಗೆಳೆಯ ಶ್ರೀಕಂಠನ ಒಬ್ಬಳೇ ಮಗಳು. ಶ್ರೀಕಂಠನೂ ನಾನೂ ಪಾಲಿಟೆಕ್ನಿಕ್ಕಿನಲ್ಲಿ ಒಂದೇ ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವರು. ಅವರ ಮನೆಗೆ ಹೋದರೆ ಹಾಲಿನ ನೆಲದ ತುಂಬ ಮೌಲ್ಯಮಾಪನದ ಉತ್ತರಪತ್ರಿಕೆಗಳ ಕಟ್ಟುಗಳು. ಲಂಗ ಎತ್ತಿಕೊಂಡು ಅವುಗಳ ನಡುವೆ ಕುಂಟಾಬಿಲ್ಲೆ ಆಡುವಂತೆ ಹಾರುವ ಈ ಹುಡುಗಿ. ಕ್ರಿಸ್‌ಮಸ್ಸಿಗೆ ನಮ್ಮ ಮನೆಯ ಕೇಕು ಅವರಿಗೆ, ಸಂಕ್ರಾಂತಿಗೆ ಅವರ ಎಳ್ಳು ಬೆಲ್ಲ ನಮಗೆ. ಅವಳು ಮಾಸ್ಟರ್ಸ್ ಓದಲು ಅಡಿಲೇಡೇ ಆರಿಸಿಕೊಂಡದ್ದು ನಾವಿದ್ದೇವೆಂದು. “ಬೇರೆ ಎಲ್ಲಾದ್ರೂ ಆದ್ರೆ ನಾನು ಕಳಿಸ್ತಿರ್ಲಿಲ್ಲ ಕಣ್ರಿ ಸುಗುಣ” ಎಂದು ಅವಳ ತಾಯಿ ವಸಂತ ನಮ್ಮೆದುರೇ ಹೇಳಿದ್ದರು.

ಅಪೂರ್ವ ಬಾಯಿ ಜೋರಿನ ಹುಡುಗಿ. ಮೊದಲ ಬುಧವಾರವೇ ಆ ಹಳದಿ ಬೋರ್ಡಿನ ಫೋಟೊ ತೆಗೆದುಕೊಂಡು ಬಂದಳು.

“ಅಂಕಲ್, ನಾನು ಮೂರನೇ ಲೈನಲ್ಲೇ ಇದೀನಿ. ನಿಮ್ಮ ಹೆಸರೇ ಇಲ್ಲ, ಬಚಾವಾಗ್ಬಿಟ್ರಿ.”

“ಸರಿಯಾಗಿ ನೋಡಮ್ಮ, ಕೆಳಗೆ ಸುಳ್ಳು ಹೇಳೋರು ಅಂತ ಇದೆ. ಅಲ್ಲಿ ಎಲ್ರೂ ಸಿಗ್ತೀವಿ.”

ಅಡಿಲೇಡಿನ ಚಳಿಗಾಲ ಮಳೆಯ ಚಳಿಗಾಲ. ಜುಲೈ ಪೂರ್ತಿ ಹುಲ್ಲು ಕೆಸರಾಗಿತ್ತು. ಆದರೂ ಟೋಪಿ ದೊರೆ ಒಂದು ಬುಧವಾರವೂ ತಪ್ಪಿಸಲಿಲ್ಲ. ರೇನ್‌ಕೋಟು ಹಾಕಿಕೊಂಡು, ಖಾಲಿ ಹುಲ್ಲಿಗೆ, ಬೆಂಚುಗಳಿಗೆ, ಓಡಿ ಹೋಗುವ ಕೊಡೆಗಳಿಗೆ ಬೋಧಿಸುತ್ತಿದ್ದ. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದು ಎಂದರೆ ಇದೇ ಎಂದುಕೊಳ್ಳುತ್ತ ನಾನು ಕಿಟಕಿಯಿಂದ ನೋಡುತ್ತಿದ್ದೆ. ಆಗಸ್ಟಿನ ಕೊನೆಗೆ ಮಳೆ ನಿಂತು ಗಾಳಿ ಶುರುವಾಯಿತು. ವ್ಯಾಟಲ್ ಮರಗಳು ಹಳದಿ ಹೂ ಬಿಟ್ಟು ಊರಿಗೆ ಊರೇ ಸೀನುವ ಕಾಲ. ಅಂಥ ಒಂದು ಬುಧವಾರ ಅದು ನಡೆದದ್ದು. ಆಗ ನಾನು ನೆಲಮಾಳಿಗೆಯ ಹಾಲಿನಲ್ಲಿ ಒಂದು ಸ್ಪೀಕರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದೆ. ಏನನ್ನೂ ನೋಡಲಿಲ್ಲ.

ನೋಡಿದ್ದು ಮರುದಿನ, ಫೋನಿನಲ್ಲಿ. ಬೋಧಕರ ಗುಂಪು ಒಂದು ಸಣ್ಣ ವಿಡಿಯೊ ಹಾಕಿತ್ತು. ಅದರಲ್ಲಿ ಅಪೂರ್ವ ಸತ್ಯವೇದವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಒಂದು ಕಣ್ಣಿಗೆ, ಆಮೇಲೆ ಇನ್ನೊಂದಕ್ಕೆ ಒತ್ತಿಕೊಳ್ಳುತ್ತಾಳೆ. ತಲೆ ಬಗ್ಗಿಸಿ ಅದನ್ನು ಟೋಪಿ ದೊರೆಯ ಕೈಗೆ ಕೊಡುತ್ತಾಳೆ. ತುಟಿ ಏನೋ ಆಡುತ್ತದೆ. ಧ್ವನಿವರ್ಧಕ ಕಿರುಚಿ ಅದನ್ನು ನುಂಗಿಹಾಕುತ್ತದೆ. ಅವನು ಅವಳ ತಲೆಯ ಮೇಲೆ ಕೈ ಎತ್ತಿ “ಹಲ್ಲೆಲೂಯ!” ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಕೆಳಗೆ ಬರೆದಿದ್ದರು: ವಿಗ್ರಹಗಳ ನಾಡಿನ ಮಗಳೊಬ್ಬಳು ಇಂದು ಕರ್ತನ ವಾಕ್ಯಕ್ಕೆ ಮಣಿದಳು.

ಅಡಿಲೇಡಿನಲ್ಲಿ ಕನ್ನಡದವರು ಎಷ್ಟು ಜನವೋ, ಅವರ ಫೋನಿನ ಗುಂಪುಗಳು ಅದಕ್ಕಿಂತ ಜಾಸ್ತಿ. ಸಂಜೆಯೊಳಗೆ ಎಲ್ಲ ಗುಂಪಿನಲ್ಲೂ ಅದೇ. ಹುಡುಗಿ ಯಾರ ಮನೆಯಲ್ಲಿದ್ದಾಳೆ ಎಂಬ ಪ್ರಶ್ನೆ ಬಂತು. ಉತ್ತರವೂ ಬಂತು, ಕ್ರೈಸ್ತರ ಮನೆಯಲ್ಲಿ ಎಂದು. ಅಷ್ಟಾದ ಮೇಲೆ ಯಾರೂ ಬೇರೇನೂ ಕೇಳಬೇಕಿರಲಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ರಾತ್ರಿ ಊಟದ ಹೊತ್ತಿಗೆ ವಿಡಿಯೊ ಮೈಸೂರು ತಲುಪಿತ್ತು.

ಊಟಕ್ಕೆ ಕೂತಾಗ ಸುಗುಣ ಮೆತ್ತಗೆ ಶುರುಮಾಡಿದಳು.

“ಅಪೂರ್ವ, ನಿಜವಾಗ್ಲೂ ನಿನ್ನ ಮನಸ್ಸಲ್ಲಿ ಏನಾದ್ರೂ ಇದ್ಯಾಮ್ಮ? ಇದ್ರೆ ತಪ್ಪೇನಿಲ್ಲ, ಆದ್ರೆ ನಮಗೆ ಹೇಳ್ಬೇಕು...”

ಹುಡುಗಿ ತಟ್ಟೆ ನೋಡುತ್ತಿದ್ದವಳು ತಲೆಯೆತ್ತಿದಳು. “ನೀವೂ ಹಾಗೇ ಅಂದ್ಕೊಂಡ್ಬಿಟ್ರಾ ಆಂಟಿ? ಅಮ್ಮ ಈಗ್ತಾನೆ ಫೋನ್ ಮಾಡಿದ್ಲು. ಏನಾಯ್ತು ಅಂತ ಕೇಳ್ಲಿಲ್ಲ. ಯಾವಾಗಿಂದ ಅಂತ ಕೇಳಿದ್ಲು.”

ಕೈ ತೊಳೆದುಕೊಂಡು ರೂಮಿಗೆ ಹೋದಳು. ಬೆಳಿಗ್ಗೆ ನಾನು ಕೇಳಿದೆ, ಏನಾಯ್ತಮ್ಮ ಎಂದೇ ಕೇಳಿದೆ. “ಆ ಪ್ರಶ್ನೆಗೆ ಟೈಮ್ ಮುಗ್ದೋಯ್ತು ಅಂಕಲ್. ಹೌದು ಅಂದ್ಕೊಳ್ಳೋರು ಹೌದು ಅಂದ್ಕೊಳ್ಳಿ” ಎಂದಳು. ಅಪ್ಪನದೇ ಹಟ. ಶ್ರೀಕಂಠನೂ ಹೀಗೆ, ಸ್ಟಾಫ್ ರೂಮಿನಲ್ಲಿ ಯಾರಾದರೂ ಅನುಮಾನದಿಂದ ಒಂದು ಮಾತು ಆಡಿದರೆ ತಿಂಗಳುಗಟ್ಟಲೆ ಬಾಯಿಗೆ ಬೀಗ.

ಆಮೇಲಿನ ದಿನಗಳು ಕೆಟ್ಟ ದಿನಗಳು. ವಸಂತ ಸುಗುಣನಿಗೆ ಫೋನ್ ಮಾಡಿ ಹೇಳಿದ್ದು ಒಂದೇ ವಾಕ್ಯ: “ನಿಮ್ಮನ್ನ ನಂಬಿ ಕಳಿಸಿದ್ದು ಸುಗುಣ.” ಸುಗುಣ ಎಂಥೆಂಥ ರೋಗಿಗಳ ಬೈಗುಳ ಕೇಳಿದವಳು. ಆ ದಿನ ಮಾತ್ರ ಫೋನ್ ಇಟ್ಟು, ಸಿಂಕಿನ ಮುಂದೆ ನಿಂತು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಅಪೂರ್ವನ ಸೋದರಮಾವ ಮುಂದಿನ ವಾರಕ್ಕೆ ಟಿಕೆಟ್ ತೆಗೆಸಿದರು. ಮೊದಲು ಮನೆಗೆ ಬರಲಿ, ಓದಿನ ಮಾತು ಆಮೇಲೆ ಎಂದರು. ಅದು ಅವಳ ಕೊನೆಯ ಸೆಮಿಸ್ಟರು. ನಡುವೆ ಬಿಟ್ಟು ಹೋದರೆ ವೀಸಾ ಹೋಗುತ್ತದೆ, ಡಿಗ್ರಿಯೂ ಹೋದ ಹಾಗೆಯೇ. ಅವಳು ಅತ್ತೂ ಕರೆದೂ ಮಾಡಲಿಲ್ಲ.

“ಮಾವ ಕರೆದ್ರೆ ಹೋಗಲ್ಲ. ಅಮ್ಮ ಕರೆದ್ರೂ ಹೋಗಲ್ಲ. ಅಪ್ಪ ಬಾ ಅಂದ್ರೆ ಹೋಗ್ತೀನಿ” ಎಂದಳು. ಹಾಗಂದವಳು ಸೂಟ್‌ಕೇಸನ್ನು ಮಂಚದ ಕೆಳಗಿನಿಂದ ಎಳೆದು ಗೋಡೆಗೆ ಒರಗಿಸಿಟ್ಟಳು. ತುಂಬಲೂ ಇಲ್ಲ, ಒಳಗೆ ತಳ್ಳಲೂ ಇಲ್ಲ.

ಅಪ್ಪನ ಸುದ್ದಿಯೇ ಇಲ್ಲ. ಭಾನುವಾರ ತಪ್ಪದೆ ಫೋನ್ ಮಾಡುವ ಶ್ರೀಕಂಠ ಆ ಭಾನುವಾರ ಮಾಡಲಿಲ್ಲ. ನನಗೆ ಅದೇ ಹೆದರಿಕೆ. ಅವನು ಬೈದಿದ್ದರೆ ನಾನೂ ಬೈಯಬಹುದಿತ್ತು. ಮೂವತ್ತು ವರ್ಷ ನನ್ನ ಡಬ್ಬಿಯ ಪಲ್ಯ ತಿಂದವನು ನನ್ನ ಬಗ್ಗೆ ಏನು ಅಂದುಕೊಂಡಿರಬಹುದು ಎಂದು ಲೆಕ್ಕ ಹಾಕುತ್ತ ಕೂರುವುದು ಸಾಮಾನ್ಯ ಶಿಕ್ಷೆಯಲ್ಲ.

ಬುಧವಾರ ಹುಲ್ಲುಹಾಸಿಗೆ ಹೋಗಿ, ಆ ವಿಡಿಯೊ ತೆಗೆದುಹಾಕು ಎಂದು ಟೋಪಿ ದೊರೆಗೆ ಹೇಳಿದೆ.

“ನೀನು ಅವಳ ತಂದೆಯೆ?”

“ಅಲ್ಲ. ನಮ್ಮ ಮನೆಯಲ್ಲಿದ್ದಾಳೆ.”

“ಅವಳು ನಿಮ್ಮ ದೇವರುಗಳನ್ನು ಬಿಟ್ಟಳೆಂದು ನಿನಗೆ ಕೋಪ.”

ನಾನು ಕ್ರೈಸ್ತನೆಂದು ಹೇಳಿದೆ. ತಾತನ ವಿಷಯವನ್ನೂ ಹೇಳಿಬಿಟ್ಟೆ. ಅವನು ಯಾವ ಸಭೆ ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಹಳದಿ ಬೋರ್ಡಿನ ಕೊನೆಯ ಸಾಲಿಗೆ ಬೆರಳು ತೋರಿಸಿದ. ‘ಉಗುರುಬೆಚ್ಚಗಿನ ಕ್ರೈಸ್ತರು’ ಎಂದಿತ್ತು, ಭಕ್ತಿಯಲ್ಲಿ ಬಿಸಿಯೂ ಅಲ್ಲದ ತಣ್ಣಗೂ ಅಲ್ಲದವರು. ಅಂತೂ ನಾನೂ ಬಚಾವಾಗಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಇನ್ನೇನು ಬಾಯಿ ಬಿಡಬೇಕು, ಅವನು ಧ್ವನಿವರ್ಧಕವನ್ನು ಕೆಳಗಿಟ್ಟು, ನಾನು ಎಂದೂ ಕೇಳಿರದ ಸಣ್ಣ ದನಿಯಲ್ಲಿ ಮಾತಾಡಿದ.

“ಇಷ್ಟು ವರ್ಷ ಇಲ್ಲಿ ನಿಂತಿದ್ದೇನೆ. ಮೊಟ್ಟೆ ಎಸೆದಿದ್ದಾರೆ, ಕೋಲಾ ಸುರಿದಿದ್ದಾರೆ. ಈ ಪುಸ್ತಕವನ್ನು ಕೈಯಲ್ಲಿ ತೆಗೆದುಕೊಂಡವರು ಒಬ್ಬರೂ ಇರಲಿಲ್ಲ. ಅವಳು ತಾನಾಗಿ ತೆಗೆದುಕೊಂಡಳು. ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ಹೇಗೆ ತೆಗೆದುಹಾಕಲಿ?”

ನಾನು ಲೆಕ್ಚರ್ ಹಾಲಿಗೆ ವಾಪಸ್ ಹೋದೆ.

ಅದೇ ವಾರ ನಾಗೇಶನ ಫೋನ್ ಬಂತು. ಕಿಲ್ಬರ್ನಿನ ಒಂದು ಹಾಲಿನಲ್ಲಿ ನಮ್ಮ ಕನ್ನಡದವರು ಪ್ರತಿವರ್ಷ ಗಣೇಶನನ್ನು ಕೂರಿಸುತ್ತಿದ್ದರು, ನಾಗೇಶ ಅದರ ಮುಂದಾಳು. ಅಡಿಲೇಡಿಗೆ ಬಂದ ವರ್ಷದಿಂದಲೂ ಅಲ್ಲಿನ ಮೈಕು ನನ್ನದೇ. ಮಂತ್ರ ಹೇಳುವವರ ದನಿ ಎಲ್ಲಿ ಏರುತ್ತದೆ, ಮಕ್ಕಳ ಡ್ಯಾನ್ಸಿನ ಹಾಡು ಎಲ್ಲಿ ಕೈಕೊಡುತ್ತದೆ ಎಲ್ಲ ನನಗೆ ಬಾಯಿಪಾಠ.

“ಅಂಕಲ್, ಈ ಸಲ ಸೌಂಡಿಗೆ ಬೇರೆಯವರಿಗೆ ಹೇಳಿದೀವಿ. ನಿಮಗ್ಯಾಕೆ ಸುಮ್ನೆ ತೊಂದ್ರೆ ಅಂತ.”

“ತೊಂದ್ರೆ ಏನಿಲ್ಲಪ್ಪ.”

“ಇಲ್ಲ ಅಂಕಲ್, ಅದೂ... ಜನ ಒಂಥರಾ ಮಾತಾಡ್ತಿದಾರೆ. ಇದೊಂದು ವರ್ಷ ಬಿಟ್ಬಿಡಿ.”

ಬಿಟ್ಟೆ. ಬೇಜಾರಾಯಿತು, ಬಹಳ ಬೇಜಾರಾಯಿತು. ಪರದೇಶದಲ್ಲಿ ನನ್ನ ಕೈ ಬೇಕು ಎಂದು ಕರೆಯುತ್ತಿದ್ದ ಜಾಗ ಅದೊಂದೇ ಇತ್ತು. ಒಂದು ಕಡೆಯವರಿಗೆ ನಾನು ಉಗುರುಬೆಚ್ಚಗೆ, ಇನ್ನೊಂದು ಕಡೆಯವರಿಗೆ ಮುಟ್ಟಿದರೆ ಸುಡುವಷ್ಟು ಬಿಸಿ.

ವಿಮಾನದ ದಿನಕ್ಕೆ ಇನ್ನೆರಡು ದಿನವಿತ್ತು. ಬೆಳಿಗ್ಗೆ ಸುಗುಣ ಡ್ಯೂಟಿಗೆ ಹೊರಡುತ್ತಿದ್ದಳು, ನಾನು ಚಪಾತಿ ಸುಡುತ್ತಿದ್ದೆ, ಅಪೂರ್ವ ಬಾಗಿಲ ಬಳಿ ಶೂ ಲೇಸು ಕಟ್ಟುತ್ತಿದ್ದಳು. ಫೋನ್ ಬಂತು. ಶ್ರೀಕಂಠ. ಕೈಗೆ ಹಿಟ್ಟಾಗಿದ್ದರಿಂದ ಸ್ಪೀಕರಿಗೆ ಹಾಕಿದೆ.

“ಲೋ ಜಯ, ಪರೀಕ್ಷೆ ಡ್ಯೂಟಿ ಮೇಲೆ ಬೇರೆ ಊರಿಗೆ ಹೋಗಿದ್ದೆ ಕಣೋ. ನಂದು ಆ ಬಟನ್ ಫೋನು, ಅದ್ರಲ್ಲಿ ಏನೂ ಕಾಣಲ್ಲ. ಎಲ್ರೂ ಅದು ಹಂಗಿದೆ, ಹಿಂಗಿದೆ ಅಂತ ಹೇಳೋರೇ. ನೋಡ್ದೆ ನಾನು ಮಾತಾಡಲ್ಲ ಅಂದೆ. ಈಗ ರಾತ್ರಿ ಬಸ್ಸಿಳಿದು ಮನೆಗೆ ಬಂದು ವಸಂತನ ಫೋನಲ್ಲಿ ನೋಡ್ದೆ.”

ಬಾಗಿಲಲ್ಲಿ ಲೇಸು ಕಟ್ಟುತ್ತಿದ್ದ ಕೈ ನಿಂತಿತು.

“ಅಲ್ವೋ, ಅವಳ ಕಾಲು ತಗುಲಿತ್ತಾ ಅದಕ್ಕೆ?”

ಕಾವಲಿಯ ಮೇಲೆ ಚಪಾತಿ ಉಬ್ಬಿ ಉಬ್ಬಿ ಕರಿಯಾಯಿತು. ಅಪೂರ್ವ ಕೂತಲ್ಲೇ ಮಂಡಿಗೆ ಮುಖ ಒತ್ತಿಕೊಂಡು ಅಳತೊಡಗಿದಳು. ಅಷ್ಟು ದಿನದಲ್ಲಿ ಅದೇ ಮೊದಲ ಸಲ ಅತ್ತದ್ದು.

“ಹೂಂ ಅಪ್ಪ. ತಗುಲ್ತು.”

ಗಾಳಿಗೆ ಆ ಹಳದಿ ಬೋರ್ಡು ಮಗುಚಿಬಿದ್ದು, ಟೋಪಿ ದೊರೆ ಅದನ್ನು ಹಿಡಿಯಹೋಗಿ ಕೈಯ ಪುಸ್ತಕ ಜಾರಿಸಿದ್ದ. ಕ್ಲಾಸಿಗೆ ಓಡುತ್ತಿದ್ದ ಇವಳು ನೋಡದೆ ಅದರ ಮೇಲೆ ಕಾಲಿಟ್ಟಿದ್ದಳು. ಆಮೇಲೆ ಮಾಡಿದ್ದು ಮೈಸೂರಿನ ಆ ಹಾಲಿನಲ್ಲಿ ಉತ್ತರಪತ್ರಿಕೆಗೆ ಕಾಲು ತಾಗಿದಾಗಲೆಲ್ಲ ಮಾಡುತ್ತಿದ್ದುದು: ಎತ್ತಿ ಕಣ್ಣಿಗೆ ಒತ್ತಿಕೊಂಡದ್ದು. ಫೇಲಾದವನ ಪೇಪರ್‌ಗೂ ನಮಸ್ಕಾರ ಮಾಡ್ತಾಳೆ ನೋಡೋ ಎಂದು ಶ್ರೀಕಂಠ ಆಗ ನಗುತ್ತಿದ್ದ. ನಮ್ಮ ಮನೆಯಲ್ಲೂ ಅಷ್ಟೇ. ಪಂಚಾಂಗವಾಗಲಿ ಸತ್ಯವೇದವಾಗಲಿ ಬಸ್ಸಿನ ಟೈಂಟೇಬಲ್ಲಾಗಲಿ, ಕಾಲು ತಗುಲಿದರೆ ಕಣ್ಣಿಗೆ ಹೋಗಬೇಕು. ಆ ವಿಡಿಯೊ ನೋಡಿದ ಅಷ್ಟೂ ಕನ್ನಡದವರು ಹಾಗೆ ಮಾಡಿಯೇ ಬೆಳೆದವರು. ಆದರೆ ವಿಡಿಯೊ ಶುರುವಾಗುವುದು ಕಾಲು ತಾಗಿದ ಮೇಲೆ, ಕೆಳಗೆ ಬರೆದದ್ದು ಬೇರೆ. ನಾವೆಲ್ಲ ಬರೆದದ್ದನ್ನು ಓದಿದೆವು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಯನ್ನು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದು ಅಂಕ ತೆಗೆದುಕೊಂಡವರೇ ಎಲ್ಲರೂ.

ಹಿಂದಿನಿಂದ ವಸಂತ ಅವರ ದನಿ ಕೇಳಿಸಿತು: “ಆದ್ರೂ ಅದು ಅವರ ಬೈಬಲ್ಲು ಅಂತ ಅವಳಿಗೆ ಗೊತ್ತಿತ್ತಲ್ವಾ?”

“ಯಾವ ಪುಸ್ತಕ ಅಂತ ತೆಗೆದು ನೋಡ್ಕೊಂಡು ಕಣ್ಣಿಗೆ ಒತ್ಕೋತಾರೇನೆ?” ಎಂದ ಶ್ರೀಕಂಠ. ಆಮೇಲೆ ನನಗೆ, “ಟಿಕೆಟ್ ಕ್ಯಾನ್ಸಲ್ ಮಾಡಿಸ್ತೀನಿ. ನೀನು ಅದೇನು ಸೀಯಿಸ್ತಿದೀಯೋ? ಇಲ್ಲೀತನಕ ಹೊಗೆ ಬರ್ತಿದೆ” ಎಂದ. ಹೊಗೆ ಎಚ್ಚರಿಕೆಯ ಗಂಟೆ ಬಡಿದುಕೊಳ್ಳುತ್ತಿದ್ದುದು ಅವನಿಗೆ ಫೋನಿನಲ್ಲೇ ಕೇಳಿಸಿತ್ತು.

ಸೂಟ್‌ಕೇಸು ಮಂಚದ ಕೆಳಗೆ ಹೋಯಿತು. ಗಣೇಶ ಬಂದು ಹೋದ. ವಸಂತ ಮಾತ್ರ ಸುಗುಣನಿಗೆ ಫೋನ್ ಮಾಡಲಿಲ್ಲ. ನಾಚಿಕೆಯೋ, ಇನ್ನೂ ಉಳಿದ ಅನುಮಾನವೋ ಯಾರಿಗೆ ಗೊತ್ತು. ಹೆಂಗಸರಿಬ್ಬರ ನಡುವೆ ‘ನಂಬಿ ಕಳಿಸಿದ್ದು’ ಎಂಬ ಆ ಒಂದು ವಾಕ್ಯ ಹಾಗೇ ಬಿದ್ದಿತ್ತು. ಸುಗುಣ ಅದನ್ನು ಎತ್ತಲಿಲ್ಲ, ದಾಟಲೂ ಇಲ್ಲ.

ನವೆಂಬರಿನಲ್ಲಿ ಬಿಸಿಲು ಏರಿತು, ಹುಲ್ಲು ಒಣಗಿ ಹಳದಿಯಾಯಿತು, ಅಪೂರ್ವನ ಪರೀಕ್ಷೆ ಮುಗಿಯಿತು. ಕ್ಲಾಸುಗಳಿಲ್ಲದ ಒಂದು ಮಧ್ಯಾಹ್ನ ಕೆಲಸವಿಲ್ಲದೆ ಕೂತಿದ್ದಾಗ ನನಗೆ ಆ ವಿಡಿಯೊ ನೆನಪಾಯಿತು. ಅಲ್ಲಿಯವರೆಗೆ ಅದನ್ನು ಎರಡನೇ ಸಲ ನೋಡುವ ಮನಸ್ಸಾಗಿರಲಿಲ್ಲ. ಧ್ವನಿವರ್ಧಕದ ಕಿರುಚಾಟ ಎಂದರೆ ಒಂದೇ ಶ್ರುತಿಯ ಸೀಟಿ. ಅಷ್ಟನ್ನು ಮಾತ್ರ ಕತ್ತರಿಸಿ ತೆಗೆಯುವುದು ನನಗೆ ದಿನನಿತ್ಯದ ಕೆಲಸ. ತೆಗೆದೆ. ಅಡಿಯಲ್ಲಿ ಗಾಳಿ ಇತ್ತು, ಯಾರದೋ ನಗು ಇತ್ತು, ಆಮೇಲೆ ಅಪೂರ್ವ. ಗಾಬರಿಯಲ್ಲಿ ಇಂಗ್ಲಿಷೇ ಮರೆತುಹೋಗಿತ್ತು ಹುಡುಗಿಗೆ.

“ಅಯ್ಯೋ, ಕಾಲು ತಗುಲ್ಬಿಡ್ತು. ಸಾರಿ ಅಂಕಲ್.”

“ಹಲ್ಲೆಲೂಯ!”

ಸಾಯಂಕಾಲ ಮನೆಯಲ್ಲಿ ಹಾಕಿ ಕೇಳಿಸಿದೆ. ಸುಗುಣ ನಕ್ಕು ನಕ್ಕು ಸೋಫಾದ ಮೇಲೆ ಉರುಳಿದಳು. ನಗುತ್ತಿದ್ದವಳು ಯಾವಾಗ ಅಳಲು ಶುರುಮಾಡಿದಳೋ ತಿಳಿಯಲಿಲ್ಲ. ಅಪೂರ್ವ ಅದನ್ನು ಅಮ್ಮನಿಗೆ ಕಳಿಸಿದಳು. ಅರ್ಧ ಗಂಟೆಯಲ್ಲಿ ಸುಗುಣನ ಫೋನ್ ಹೊಡೆದುಕೊಂಡಿತು.

“ನೋಡಿದ್ರಾ ಸುಗುಣ, ಆ ಕೂಗುಮಾರಿನೂ ಅಂಕಲ್ ಅಂದಿದಾಳೆ ನಮ್ಮ ಹುಡುಗಿ” ಎಂದರು ವಸಂತ. ಆಮೇಲೆ, “ನನಗೆ ನಿಮ್ಮತ್ರ ಮಾತಾಡೋಕೆ ಮುಖ ಇರ್ಲಿಲ್ಲ ಕಣ್ರಿ” ಎಂದರು. ಸುಗುಣ ಫೋನ್ ಹಿಡಿದು ಹಿತ್ತಲಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ.

ಟೋಪಿ ದೊರೆಗೂ ಕೇಳಿಸೋಣ, ಕೇಳಿಸಿದರೆ ತಾನಾಗಿಯೇ ತೆಗೆದುಹಾಕುತ್ತಾನೆ ಎಂದೆ ನಾನು. ಅವನು ಖಾಲಿ ಕ್ಯಾಂಪಸ್ಸಿನಲ್ಲಿ, ಒಣಹುಲ್ಲಿನ ಮೇಲೆ, ಆಗಲೂ ಬುಧವಾರ ಬುಧವಾರ ನಿಲ್ಲುತ್ತಿದ್ದ. ನನ್ನನ್ನು ಕಂಡರೆ, ಆ ಮಗಳು ಚೆನ್ನಾಗಿದ್ದಾಳೆಯೆ ಎಂದು ಕೇಳುತ್ತಿದ್ದ. ಅಪೂರ್ವ ಫೋನನ್ನು ಬೋರಲು ಮಾಡಿ ಕೆಳಗಿಟ್ಟಳು.

“ಬೇಡ ಬಿಡಿ ಅಂಕಲ್. ಪಾಪ, ಅವರಿಗೆ ಇರೋದು ನಾನೊಬ್ಬಳೇ.”